ತೊಟ್ಟಿಯ ನೀರಿಗೆ ಬಿದ್ದ ಮಗು

ಹೆಣ್ಣು ಹೆಚ್ಚು ಓದಿದರೆ ಮನೆ ಕೆಡುವುದೆಂಬ ಮಾತನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪೋಷಕರಿಂದ ನಾವು ಹಲವು ಸಲ ಕೇಳಿದ್ದೇವೆ. ಈ ಮಾತು ನಮ್ಮ ಸೀಮೆಯೊಂದರದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ಪಟ್ಟಣದಲ್ಲಿ ಇದನ್ನೇ ಚಿತ್ರವಾಗಿ ಬರೆದು ಜನರನ್ನು ನಗಿಸಿದವನೊಬ್ಬನಿದ್ದನು.

ಆತನೇ ಒನೊರೆ ದೋಮಿಯೆ (1808–1879). ದೊರೆ ಲೂಯಿ ಫಿಲಿಪ್ಪನನ್ನು ಪ್ರಜೆಗಳ ಹಣ ನುಂಗುವ ದೈತ್ಯನಂತೆ ಚಿತ್ರಿಸಿ 1832ರಲ್ಲಿ ಸೆರೆಮನೆ ಸೇರಿದವನು. 1835ರಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳಿಗೆ ಕಾಯಿದೆಯ ಕಡಿವಾಣ ಬೀಳಲು, ಅವನ ದೃಷ್ಟಿಯು ಸಂಸಾರದ ಕಡೆಗೂ ಶಾಲೆಯ ಕಡೆಗೂ ತಿರುಗಿತು. ‘ಶಾರಿವಾರಿ’ ಪತ್ರಿಕೆಗಾಗಿ ಅವನು ಬರೆದ ಕಲ್ಲಚ್ಚಿನ ಚಿತ್ರಗಳಲ್ಲಿ ಉಪಾಧ್ಯಾಯರನ್ನೂ ತುಂಟ ಹುಡುಗರನ್ನೂ ಕುರಿತದ್ದೊಂದು ಮಾಲೆಯುಂಟು. ಅದನ್ನು ನೋಡಿ ನಾವು ನಕ್ಕಿದ್ದೇವೆ. ನಮ್ಮ ವೃತ್ತಿಯನ್ನು ನೆನೆದು ಕೊಂಚ ನಾಚಿಯೂ ಇದ್ದೇವೆ.

ಆದರೆ 1844ರಲ್ಲಿ ಓದುಬರಹದ ಸ್ತ್ರೀಯರನ್ನು ‘ನೀಲಿ ಕಾಲುಚೀಲದವರು’ ಎಂದು ಹಾಸ್ಯಮಾಡಿ ಅವನು ಬರೆದ ನಲವತ್ತು ಚಿತ್ರಗಳನ್ನು ನೋಡುವಾಗ ನಮ್ಮ ನಗೆ ಅರ್ಧಕ್ಕೇ ನಿಲ್ಲುತ್ತದೆ. ಒಂದರಲ್ಲಿ ತಾಯಿಯು ಮೈಮರೆತು ಬರೆಯುತ್ತಿದ್ದಾಳೆ. ಅವಳ ಬೆನ್ನ ಹಿಂದೆ ಕೂಸು ಸ್ನಾನದ ತೊಟ್ಟಿಗೆ ತಲೆಕೆಳಗಾಗಿ ಬಿದ್ದಿದೆ. ಮತ್ತೊಂದರಲ್ಲಿ, ಹೆಂಡತಿಗೆ ಕವಿತೆಗಾಗಿ ಸಣ್ಣದೊಂದು ಪುರಸ್ಕಾರ ದೊರೆತ ಮೇಲೆ ಅಗಸಗಿತ್ತಿಗೆ ಹಾಕುವ ಬಟ್ಟೆಯನ್ನು ವಾರವಾರವೂ ತಾನೇ ಎಣಿಸಬೇಕಾಯಿತೆಂದು ಗಂಡನು ಗೋಳಿಡುತ್ತಾನೆ. ಬಟ್ಟೆಯನ್ನು ಹೆಂಡತಿ ಎಣಿಸಿದರೆ ಅದು ಚಿತ್ರವೇ ಅಲ್ಲ. ಗಂಡನು ಎಣಿಸಿದರೆ ನಗೆಚಿತ್ರ! ಮಗು ನೀರಿಗೆ ಬಿದ್ದಾಗ ತಂದೆಯು ಎಲ್ಲಿದ್ದನೆಂದು ಚಿತ್ರಕಾರನೂ ಕೇಳಲಿಲ್ಲ, ನೋಡಿದವರೂ ಕೇಳಲಿಲ್ಲ.

ಇನ್ನೂ ಸೋಜಿಗವೇನೆಂದರೆ, ಫ್ರಾನ್ಸ್ ದೇಶದಲ್ಲಿ ಹುಡುಗಿಯರಿಗೆ ಸರ್ಕಾರದ ಪ್ರೌಢಶಾಲೆಗಳನ್ನು ಕಲ್ಪಿಸುವ ಕಾಯಿದೆ ಬಂದದ್ದು 1880ರಲ್ಲಿ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದದ್ದು 1881ರಲ್ಲಿ. ಬಾಗಿಲು ತೆರೆಯುವುದಕ್ಕೆ ಮೂವತ್ತಾರು ವರ್ಷ ಮೊದಲೇ ಅಲ್ಲಿ ಪರಿಹಾಸ್ಯವು ಹೊಸ್ತಿಲ ಮೇಲೆ ಕಾದು ಕುಳಿತಿತ್ತು!

ತೊಟ್ಟಿಗೆ ಬಿದ್ದ ಮಗುವನ್ನು ಕಾಣಗೊಡದ ವಿದ್ಯೆ ವಿದ್ಯೆಯಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಪರೀಕ್ಷೆಯು ಗಂಡುಮಕ್ಕಳಿಗೂ ಸಲ್ಲಬೇಕು. ನಮ್ಮ ಕೈಲಾಸಂ ಅವರು 1918ರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಇದನ್ನೇ ಮಾಡಿದರು. ಪುಸ್ತಕಕ್ಕೆ ಅಂಟಿಕೊಂಡ ಮಗನನ್ನೂ ಮನೆಯವರ ಕಷ್ಟಕ್ಕೆ ಒದಗುವ ಮಗನನ್ನೂ ಎದುರುಬದುರು ನಿಲ್ಲಿಸಿ, ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಕೇಳಿದರು.

ಒಮ್ಮೆ ತೆಂಗಿನ ತೋಟದ ಗೃಹಸ್ಥರೊಬ್ಬರು ಒಂಬತ್ತನೆಯ ತರಗತಿಯ ಮಗಳನ್ನು ಶಾಲೆ ಬಿಡಿಸಲು ನಮ್ಮಲ್ಲಿಗೆ ಬಂದರು. ತಾಯಿಗೆ ಕಾಯಿಲೆ, ಮನೆ ನೋಡುವವರಿಲ್ಲ ಎಂದರು. “ಅಣ್ಣನಿದ್ದಾನಲ್ಲ?” ಎಂದೆವು. “ಅವನು ಓದಬೇಕಲ್ಲ, ಅಮ್ಮಾವ್ರೇ” ಎಂದರು. ಅವರು ಕೆಟ್ಟವರಲ್ಲ; ಮಗಳ ಮೇಲೆ ಪ್ರೀತಿಯುಳ್ಳವರೇ. ಆದರೂ ಹುಡುಗಿಯು ಹೋದಳು. ಮರಳಿ ಬರಲಿಲ್ಲ.

ಉಂಡೆಕೊಬ್ಬರಿಯಾಗಲೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿಟ್ಟು ತಾಳ್ಮೆಯಿಂದ ಕಾಯುವ ಜನ ನಾವು. ನಡುವೆ ಇಳಿಸಿ ಒಡೆದರೆ ಕೊಬ್ಬರಿ ಸಿಕ್ಕದೆಂದು ಬಲ್ಲೆವು. ಆ ತಾಳ್ಮೆಯನ್ನು ಹೆಣ್ಣುಮಕ್ಕಳ ಓದಿಗೂ ತೋರಬಾರದೇ?

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಗಂಡುಮಕ್ಕಳಿಗೆ ಬಟ್ಟೆ ಎಣಿಸುವುದನ್ನೂ ಕೂಸನ್ನು ನೋಡಿಕೊಳ್ಳುವುದನ್ನೂ ಕಲಿಸಿರಿ. ಪೋಷಕರೇ, ಮನೆಗೆ ಕಷ್ಟ ಬಂದಾಗ ಮೊದಲು ಮಗಳ ಪುಸ್ತಕವನ್ನೇ ಮುಚ್ಚಿಸಬೇಡಿರಿ. ಇದೇ ನಮ್ಮ ವಿಜ್ಞಾಪನೆ.