ಕೇಳದೇ ಹತ್ತಿಸಿದ ನೌಕೆ

1/7

ಫೋಟೋದಲ್ಲಿರೋದು ನಮ್ಮೂರು ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆ. ಪುಸ್ತಕದ ಪೋಸ್ಟಿಗೆ ಬಸದಿ ಯಾಕೆ ಅಂತ ಈಗಲೇ ಕೇಳ್ಬೇಡಿ, 5ನೇ ಪೋಸ್ಟಿಗೆ ಬಂದಾಗ ಗೊತ್ತಾಗುತ್ತೆ.

ಹೋದ ತಿಂಗಳು ಸ್ಟೋರಿಯಲ್ಲಿ "ಭೈರಪ್ಪನವರ ಯಾನ ಓದ್ತಿದೀನಿ" ಅಂತ ಹಾಕಿದ್ದೆ. ಹದಿನೈದು ಜನ ಬೆಂಕಿ ಎಮೋಜಿ ಕಳಿಸಿದ್ರಿ, ಥ್ಯಾಂಕ್ಸ್. ಆದ್ರೆ ಒಬ್ಬಳು ಕ್ಲಾಸ್‌ಮೇಟ್ ಮಾತ್ರ ಮೆಸೇಜ್ ಮಾಡಿದಳು. ಹೆಸರು ಹೇಳಲ್ಲ. ಅವಳನ್ನ ಕೇಳಿಯೇ ಇಷ್ಟು ಬರೀತಿದೀನಿ: ಡಿಗ್ರಿಯ ಕೊನೇ ಸೆಮಿಸ್ಟರ್ ಇನ್ನೂ ಬಾಕಿ ಇದೆ, ಮನೇಲಿ ಗಂಡು ನೋಡಿ ಆಗಿದೆ. "ಯಾನ ಅಂದ್ರೆ ಸ್ಪೇಸ್‌ಶಿಪ್ ಕಥೆ ಅಲ್ವಾ?" ಅಂದಳು. ಹೌದು ಅಂದೆ. ಆಮೇಲೆ ಬಂದಿದ್ದು ಒಂದೇ ಸಾಲು.

"ಅದ್ರಲ್ಲಿ ಯಾರಾದ್ರೂ ನಾನು ಬರಲ್ಲ ಅಂತಾರಾ?"

ಆಗ ನಾನಿನ್ನೂ ಅರ್ಧದಲ್ಲಿದ್ದೆ. ಓದಿ ಹೇಳ್ತೀನಿ ಅಂದೆ. ಆದ್ರೆ ಆ ಪ್ರಶ್ನೆ ತಲೇಲಿ ಕೂತುಬಿಡ್ತು. ಈ ಮೂರು ತಿಂಗಳಲ್ಲಿ ಓದಿದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಎಲ್ಲಾನೂ ಅದೇ ಪ್ರಶ್ನೆ ಹಿಡ್ಕೊಂಡು ಮತ್ತೆ ತಿರುವಿ ಹಾಕಿದೆ. ಹಾಗಾಗಿ ಈ ಸಲ ಸ್ಟಾರ್ ರೇಟಿಂಗ್ ಇಲ್ಲ. ಸ್ಪಾಯ್ಲರ್ ಮಾತ್ರ ಬೇಕಾದಷ್ಟಿದೆ, ಬೇಡ ಅನ್ನೋರು ಇಲ್ಲೇ ಇಳ್ಕೊಳ್ಳಿ.

2/7

ಮೊದಲು ಒಂದು ದೂರು. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ನಿಮ್ಮೆಲ್ಲರ ಸ್ಟೋರಿಗಳಲ್ಲಿ ಪರ್ವ ಇತ್ತು, ವಂಶವೃಕ್ಷ ಇತ್ತು, ಗೃಹಭಂಗ ಇತ್ತು. ಯಾನದ ಮುಖಪುಟ ಒಂದೂ ಕಾಣಲಿಲ್ಲ. ಅವರು ಹುಟ್ಟಿದ ಸಂತೇಶಿವರ ನಮ್ಮ ಚನ್ನರಾಯಪಟ್ಟಣ ತಾಲ್ಲೂಕೇ. ನಮ್ಮ ತಾಲ್ಲೂಕಿನವರೊಬ್ಬರು ಎಂಬತ್ತು ದಾಟಿದ ಮೇಲೆ ಕೂತು ಬಾಹ್ಯಾಕಾಶದ ಕಾದಂಬರಿ ಬರೆದಿದ್ದಾರೆ (2014), ಅದನ್ನ ನಾವೇ ಮರೆತಿದ್ದೀವಿ.

ಇನ್ನೊಂದು ತಮಾಷೆ ನೋಡಿ. ಇದೇ ಮನುಷ್ಯ 1979ರ ಪರ್ವದಲ್ಲಿ ಮಹಾಭಾರತದ ಪವಾಡಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟಿದ್ದರು. ಅಲ್ಲಿ ದೇವತೆ ಇಳಿದು ಬಂದು ಮಗು ಕೊಡಲ್ಲ, ಸೀರೆ ಬೆಳೆಯಲ್ಲ. ಫ್ಯಾಂಟಸಿಯನ್ನ ಅಷ್ಟು ನಿರ್ದಾಕ್ಷಿಣ್ಯವಾಗಿ ತೆಗೆದವರು ಕೊನೆಗಾಲದಲ್ಲಿ ನೌಕೆ ಹತ್ತಿದ್ದು ಯಾಕೆ?

ನನಗನಿಸೋದು: ಅವರು ನೌಕೆಗೆ ಹೋಗಿದ್ದೂ ಹಳೇ ಪ್ರಶ್ನೆ ಎತ್ಕೊಂಡೇ. ಬೀಜ ಯಾರದು, ವಂಶ ಯಾರದು, ಹೆತ್ತವಳ ಹಕ್ಕೇನು. ವಂಶವೃಕ್ಷದಲ್ಲಿ ಅದು ಒಂದು ಮನೆಯೊಳಗಿತ್ತು, ಪರ್ವದಲ್ಲಿ ನಿಯೋಗದ ರೂಪದಲ್ಲಿ ಅರಮನೆಯೊಳಗಿತ್ತು. ಯಾನದಲ್ಲಿ ಬಾಗಿಲು ತೆಗೆದು ಹೊರಗೆ ಹೋಗೋಕೇ ಆಗದ ಲೋಹದ ಡಬ್ಬಿಯೊಳಗಿದೆ, ಅಷ್ಟೇ ವ್ಯತ್ಯಾಸ. ಸಮಾಜ ಅನ್ನೋದೇ ಇಲ್ಲದ ಕಡೆ ನೀತಿ ಉಳಿಯುತ್ತಾ ಅಂತ ಪರೀಕ್ಷೆ ಮಾಡೋಕೆ ಅವರಿಗೆ ಅದಕ್ಕಿಂತ ಒಳ್ಳೇ ಲ್ಯಾಬ್ ಸಿಗ್ತಿರಲಿಲ್ಲ.

3/7

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ. ಸುದರ್ಶನ ವಿಜ್ಞಾನಿ, ಉತ್ತರಾ ವಾಯುಪಡೆಯ ಪೈಲಟ್. ಸೌರವ್ಯೂಹ ದಾಟಿ ಹೋಗೋ, ವಾಪಸ್ ಬರೋ ಮಾತೇ ಇಲ್ಲದ ನೌಕೆಯಲ್ಲಿ ಇಬ್ಬರೂ ಹೊರಟಿದ್ದಾರೆ. ಒಳಗೇ ಹುಟ್ಟಿದ ಮಕ್ಕಳು ಆಕಾಶ್ ಮತ್ತು ಮೇದಿನಿ. ಮೇದಿನಿ ಅಂದ್ರೆ ಭೂಮಿ. ಭೂಮಿ ನೋಡದೇ ಇರೋ ಹುಡುಗಿಗೆ ಆ ಹೆಸರು. ಅಪ್ಪ ಅಮ್ಮ ಪರಸ್ಪರ ಮಾತು ಬಿಟ್ಟಿದ್ದಾರೆ. ಈಗ ಸಂತತಿ ಮುಂದುವರೀಬೇಕು, ಇರೋದು ಇವರಿಬ್ಬರೇ. ಅಣ್ಣ ತಂಗಿ ಏನ್ಮಾಡ್ಬೇಕು? ಅಪ್ಪ ಅಮ್ಮ ಬರೆದಿಟ್ಟಿದ್ದನ್ನ ಓದ್ತಾ ಹೋಗ್ತಾರೆ.

ಯಾಕೆ ಮಕ್ಕಳೇ ಬೇಕು ಅಂದ್ರೆ ದೂರದ ಲೆಕ್ಕ. ಸೂರ್ಯ ಬಿಟ್ರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. 1977ರಲ್ಲಿ ಹಾರಿಸಿದ ವಾಯೇಜರ್ 1 ಈಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ಅದೇ ವೇಗದಲ್ಲಿ ಅಷ್ಟು ದೂರ ಹೋಗೋಕೆ ಸುಮಾರು 75,000 ವರ್ಷ ಬೇಕು. ಎಷ್ಟೇ ವೇಗದ ನೌಕೆ ಕಲ್ಪಿಸ್ಕೊಂಡ್ರೂ ನಕ್ಷತ್ರದ ಪ್ರಯಾಣ ಒಂದು ಆಯಸ್ಸಿನಲ್ಲಿ ಮುಗಿಯೋದು ಕಷ್ಟ. ಹೊರಟವರು ಒಬ್ಬರು, ತಲುಪೋರು ಇನ್ನೊಬ್ಬರು.

ಅಂದ್ರೆ ಮಧ್ಯದಲ್ಲಿ ಹುಟ್ಟೋರನ್ನ ಯಾರೂ ಕೇಳಿಲ್ಲ. ಈ ಸಂಕಟವನ್ನ ಕನ್ನಡದಲ್ಲಿ ಇಷ್ಟು ನೇರವಾಗಿ ಮುಂದಿಟ್ಟ ಇನ್ನೊಂದು ಕಾದಂಬರಿ ನಾನು ಓದಿಲ್ಲ. ಅಷ್ಟರಮಟ್ಟಿಗೆ ಯಾನ ದೊಡ್ಡದು.

ಈಗ ಬೈಗುಳ. ಪಾತ್ರಗಳು ಮಾತಾಡಲ್ಲ, ಉಪನ್ಯಾಸ ಕೊಡ್ತವೆ. ವಿಜ್ಞಾನ ಬಂದಾಗ ಪಿಯುಸಿ ಫಿಸಿಕ್ಸ್ ನೋಟ್ಸ್ ತೆಗೆದ ಹಾಗಾಗುತ್ತೆ. ಮಕ್ಕಳಿಗೆ ಮಕ್ಕಳ ಸಿಟ್ಟು ಇಲ್ಲ. ಇಪ್ಪತ್ತರ ಆಸುಪಾಸಿನವರು ಇಷ್ಟು ದೊಡ್ಡ ವಿಷಯ ಗೊತ್ತಾದಾಗ ಒಂದು ತಟ್ಟೆಯಾದ್ರೂ ಎಸೆಯಲ್ವಾ? ಪ್ರಶ್ನೆ ಎತ್ತಿದವರು ಕೂಗಾಡೋಕೆ ಜಾಗ ಬಿಡಲಿಲ್ಲ, ಬೇಗ ತತ್ವಕ್ಕೆ ಹೋಗಿಬಿಟ್ಟರು. ಉತ್ತರಾ ಬಗ್ಗೆಯೂ ನಂಗೆ ಹಾಗೇ ಅನಿಸ್ತು: ಅಷ್ಟು ಗಟ್ಟಿ ಹೆಣ್ಣು, ಆದ್ರೆ ಬೇಡ ಅನ್ನೋ ಮಾತು ಅವಳ ಬಾಯಲ್ಲಿ ಬರಬೇಕಾದ ಹೊತ್ತಿಗೆ ಬರಲ್ಲ.

4/7

ಈ ಫೋಟೋ ಬಸ್ ಕಿಟಕಿಯಿಂದ ತೆಗೆದಿದ್ದು, ಹಾಸನದ ಸಾಲಗಾಮೆ ರಸ್ತೆ. ಇಲ್ಲೇ ಇಸ್ರೋದ ಎಂಸಿಎಫ್ ಇರೋದು. ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನ ಇಲ್ಲಿಂದ 1982ರಿಂದ ನೋಡ್ಕೊಳ್ತಿದ್ದಾರೆ. ನಾವು ಆಲೂಗಡ್ಡೆ ಮಂಡಿಗೆ, ಆಸ್ಪತ್ರೆಗೆ, ಪರೀಕ್ಷೆಗೆ ಅಂತ ಹಾಸನಕ್ಕೆ ಹೋಗಿ ಬರ್ತಾ ಇರ್ತೀವಿ. 36,000 ಕಿಲೋಮೀಟರ್ ಮೇಲಿರೋ ವಸ್ತುವಿಗೆ ಇದೇ ಊರಿಂದ "ಸ್ವಲ್ಪ ಆ ಕಡೆ ತಿರುಗು" ಅಂತ ಹೇಳ್ತಿರ್ತಾರೆ. ಸೈನ್ಸ್ ಫಿಕ್ಷನ್ ಅಂದ್ರೆ ಇಂಗ್ಲಿಷ್ ಮೀಡಿಯಮ್ಮೋರ ವಿಷ್ಯ ಅನ್ನೋರಿಗೆ ಈ ರಸ್ತೆ ತೋರಿಸಿ.

ಸರಿ, ಇಂಗ್ಲಿಷಿನ ಎರಡು. ನಾನು ಕನ್ನಡ ಮೀಡಿಯಂ, ಡಿಕ್ಷನರಿ ಆಪ್ ಪಕ್ಕದಲ್ಲಿಟ್ಕೊಂಡು ಓದಿದ್ದು. ನಾಚಿಕೆ ಏನಿಲ್ಲ, ನೀವೂ ಹಾಗೇ ಶುರು ಮಾಡಿ.

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಬರೆದ ಅರೋರಾ (2015). ಯಾನ ಬಂದ ಮರುವರ್ಷವೇ ಬಂದಿದ್ದು, ಇಬ್ಬರೂ ಒಂದೇ ನೋವಿನ ಮೇಲೆ ಕೈ ಇಟ್ಟಿದ್ದಾರೆ. ಎರಡು ಸಾವಿರ ಜನರ ನೌಕೆ, ಸುಮಾರು 12 ಜ್ಯೋತಿರ್ವರ್ಷ ದೂರದ ಟೌ ಸೆಟಿ ಕಡೆಗೆ. ಬಹುಪಾಲು ಕಥೆ ಹೇಳೋದು ನೌಕೆಯ ಕಂಪ್ಯೂಟರ್. ತಲೆಮಾರುಗಳು ಕಳೆದು ತಲುಪಿದ ಮೇಲೆ ಆ ಜಾಗ ಬದುಕೋಕೆ ಆಗಲ್ಲ ಅಂತ ಗೊತ್ತಾಗುತ್ತೆ. ಜಗಳ, ಹೊಡೆದಾಟ, ಅರ್ಧ ಜನ ಭೂಮಿಗೆ ವಾಪಸ್ ಹೊರಡ್ತಾರೆ. ಹೊರಟ ಅಜ್ಜ ಮುತ್ತಜ್ಜರ ಮೇಲೆ ಇವರಿಗೆ ಇರೋ ಸಿಟ್ಟಿದ್ಯಲ್ಲ, ಯಾನದಲ್ಲಿ ನಾನು ಹುಡುಕಿದ್ದು ಅದನ್ನೇ. ಕೊನೆಯಲ್ಲಿ ಭೂಮಿಯ ಮೇಲೆ ಒಂದು ಸಭೆ. ಇನ್ನಷ್ಟು ನೌಕೆ ಕಳಿಸೋಣ ಅಂತ ಮಾತಾಡಿದವನಿಗೆ ಫ್ರೇಯಾ ಬಾರಿಸ್ತಾಳೆ. ನಾನು ಪುಸ್ತಕ ಮುಚ್ಚಿ ಚಪ್ಪಾಳೆ ಹೊಡೆದೆ, ಅಡುಗೆಮನೆಯಿಂದ ಅಮ್ಮ "ಏನಾಯ್ತೇ?" ಅಂದರು.

ಆ್ಯಂಡಿ ವಿಯರ್ ಬರೆದ ಪ್ರಾಜೆಕ್ಟ್ ಹೇಲ್ ಮೇರಿ (2021) ನಿಮ್ಮಲ್ಲಿ ಎಷ್ಟೋ ಜನ ರಾಕಿಗೋಸ್ಕರ ಓದ್ತೀರ. ರಾಕಿ ಮುದ್ದೇ, ಒಪ್ತೀನಿ. ನಂಗೆ ಮುಖ್ಯ ಅನಿಸಿದ್ದು ಬೇರೆ. ನೌಕೆಯಲ್ಲಿ ನೆನಪು ಕಳ್ಕೊಂಡು ಎದ್ದ ಮೇಷ್ಟ್ರು, ತಾನು ಪ್ರಪಂಚ ಉಳಿಸೋಕೆ ಧೈರ್ಯವಾಗಿ ಹೊರಟವನು ಅಂದ್ಕೊಂಡಿರ್ತಾನೆ. ನೆನಪು ಬಂದಾಗ ಗೊತ್ತಾಗುತ್ತೆ: ಅವನು ಒಲ್ಲೆ ಅಂದಿದ್ದ. ಔಷಧಿ ಕೊಟ್ಟು ಮಲಗಿಸಿ ಹತ್ತಿಸಿದ್ದರು. ಹಾಗಾದ್ರೆ ಅವಳ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಬರಲ್ಲ ಅಂತಾನೆ. ಕಳಿಸ್ತಾರೆ. ಆಮೇಲೆ ಎಲ್ಲ ಒಳ್ಳೇದಾಗಿಬಿಡುತ್ತೆ, ಅಲ್ಲೇ ನಂಗೆ ಈ ಪುಸ್ತಕದ ಮೇಲೆ ಅನುಮಾನ. "ಈಗ ಅಳ್ತೀಯ, ಆಮೇಲೆ ನಮ್ಮನ್ನೇ ನೆನೆಸ್ಕೋತೀಯ" ಅಂತ ಹಾಸ್ಟೆಲ್ ಗೇಟಲ್ಲಿ, ಕೋಚಿಂಗ್ ಸೆಂಟರ್ ಬಾಗಿಲಲ್ಲಿ, ಮದುವೆ ಮಂಟಪದಲ್ಲಿ ನಾವು ಕೇಳಿಲ್ವಾ? ನಮ್ಮ ಕ್ಲಾಸಲ್ಲಿ ಸೈನ್ಸ್ ತಗೊಂಡೋರಲ್ಲಿ ತಾವೇ ತಗೊಂಡೋರು ಎಷ್ಟು ಜನ, ಕೈ ಎತ್ತಿ ನೋಡೋಣ.

5/7

ಈಗ ಬಸದಿಗೆ ಬರೋಣ.

ಚಿಕ್ಕಬೆಟ್ಟದ ಉತ್ತರಕ್ಕೆ ನಮ್ಮೂರು. ಬೆಳಗೊಳಕ್ಕೆ ಬಂದ ಪ್ರವಾಸಿಗರು ಗೊಮ್ಮಟನನ್ನ ನೋಡಿ ಹಾಗೇ ಹೋಗ್ತಾರೆ. ನಿಮ್ಮ ಮನೆಗೆ ನೆಂಟರು ಬಂದ್ರೆ ದಯವಿಟ್ಟು ಈ ಕಡೆ ಕಳಿಸಿ. ಸುಮಾರು 1200ರ ಹೊತ್ತಿಗೆ ರೇಚಿಮಯ್ಯ ಅನ್ನೋ ದಂಡನಾಯಕ ಕಟ್ಟಿಸಿದ ಬಸದಿ ಇದು. ಜೈನ ಬಸದಿಗಳ ಹೊರಗೋಡೆಗೆ ಇಷ್ಟು ಕೆತ್ತನೆ ಇರೋದು ಅಪರೂಪ: ಜಿನರು, ಯಕ್ಷ ಯಕ್ಷಿಯರು, ಕುಣಿಯೋರು, ಬಾರಿಸೋರು. ಆಗ ಹೊಯ್ಸಳ ರಾಜ ಇಮ್ಮಡಿ ವೀರಬಲ್ಲಾಳ. ಅವನದೇ ಆಸ್ಥಾನದ ಕವಿ ಜನ್ನ 1209ರಲ್ಲಿ ಯಶೋಧರ ಚರಿತೆ ಮುಗಿಸಿದ. ಈ ಗೋಡೆ, ಆ ಕಾವ್ಯ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

ಬ್ರ್ಯಾಂಡನ್ ಸ್ಯಾಂಡರ್ಸನ್ ಅಭಿಮಾನಿಗಳು "ಮ್ಯಾಜಿಕ್ ಸಿಸ್ಟಂ" ಅಂತ ಕುಣೀತೀರಲ್ಲ, ಮಿಸ್ಟ್‌ಬಾರ್ನ್‌ನಲ್ಲಿ (2006) ಲೋಹ ನುಂಗಿದ್ರೆ ಶಕ್ತಿ ಬರುತ್ತೆ ಅಂತ. ಜನ್ನನ ನಿಯಮ ಇನ್ನೂ ಬಿಗಿ. ರಾಜ ಯಶೋಧರನಿಗೆ ಅವನ ತಾಯಿ ಪ್ರಾಣಿಬಲಿ ಕೊಡು ಅಂತಾಳೆ. ಅವನಿಗೆ ಮನಸ್ಸಿಲ್ಲ, ಅಮ್ಮನ ಮಾತೂ ಮೀರೋಕಾಗಲ್ಲ. ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡೀತಾನೆ. ಆ ಹಿಟ್ಟಿನ ಕೋಳಿ ಕೂಗುತ್ತೆ! ಜೀವ ಹೋಗಿಲ್ಲ, ರಕ್ತ ಬಿದ್ದಿಲ್ಲ, ಆದ್ರೆ ಕಡೀಬೇಕು ಅನ್ನೋ ಸಂಕಲ್ಪ ಮಾಡಿದ್ದಕ್ಕೇ ಲೆಕ್ಕ ಶುರು. ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಅಂತ ಜನ್ಮ ಜನ್ಮ ಅಲೀತಾರೆ.

ಸಣ್ಣೋಳಿದ್ದಾಗ ಈ ಕಥೆ ಕೇಳಿ, ಹಿಟ್ಟಿಗೆ ಅಷ್ಟು ಶಿಕ್ಷೆ ಜಾಸ್ತಿ ಆಯ್ತು ಅನಿಸ್ತಿತ್ತು. ಈಗ ಬೇರೆ ಥರ ಕಾಣುತ್ತೆ. ಅವನಿಗೆ ಬೇಡ ಅನ್ನೋಕೆ ಜಾಗ ಇತ್ತು. ಅವನು ಬೇಡ ಅನ್ನದೇ, ಹೂಂ ಅನ್ನದೇ, ಮಧ್ಯದ ದಾರಿ ಹುಡುಕಿದ. ಆ ಮಧ್ಯದ ದಾರಿಯೇ ಕೂಗಿತು.

ಜನ್ನನ ಮೇಲೂ ನಂದೊಂದು ಜಗಳ ಇದೆ, ರಾಣಿ ಅಮೃತಮತಿ ವಿಷಯಕ್ಕೆ. ರಾತ್ರಿ ಕೇಳಿದ ಹಾಡಿಗೆ ಸೋತು ಮಾವುತನ ಹಿಂದೆ ಹೋದವಳು. ಅವಳು ಮಾಡಿದ ಕೊಲೆ ಬಿಡಿ, ಅದು ಕೊಲೆನೇ. ಆದ್ರೆ ಅರಮನೆಯಲ್ಲಿ ಅವಳಿಗೆ ಏನು ಸಾಲದೇ ಇತ್ತು ಅಂತ ಕವಿ ಒಂದು ಸಲಾನೂ ಕೂತು ಕೇಳಲ್ಲ. ಕಾರ್ನಾಡರು ಹಿಟ್ಟಿನ ಹುಂಜದಲ್ಲಿ ಅವಳಿಗೆ ಮಾತು ಕೊಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಓದಿ. ಹಳಗನ್ನಡ ಕಷ್ಟ ಅನ್ನೋರು ಗದ್ಯಾನುವಾದ ಹಿಡ್ಕೊಂಡು ಓದಿ, ಯಾರೂ ಮಾರ್ಕ್ಸ್ ಕಳೆಯಲ್ಲ.

6/7

ಕರ್ವಾಲೊ (1980) ಸೈನ್ಸ್ ಫಿಕ್ಷನ್ ಹೌದೋ ಅಲ್ವೋ ಅಂತ ಕಾಮೆಂಟಲ್ಲಿ ಜಗಳ ಆಗುತ್ತೆ, ಆಗ್ಲಿ. ನನ್ನ ಪ್ರಕಾರ ಹೌದು. ನೌಕೆ ಇಲ್ಲ, ಲೇಸರ್ ಇಲ್ಲ. ಹಾಸನದಿಂದ ಬೇಲೂರು ದಾಟಿ ಹೋದ್ರೆ ಸಿಗೋ ಮೂಡಿಗೆರೆ ಕಡೆಯ ಜಗತ್ತು, ಜೇನು, ಕೆಸರು, ಕಿವಿ ಅನ್ನೋ ನಾಯಿ. ಕೋಟ್ಯಂತರ ವರ್ಷದಿಂದ ಬದಲಾಗದೇ ಉಳಿದ ಹಾರುವ ಓತಿಯನ್ನ ಹುಡ್ಕೊಂಡು ಹೋಗೋ ಗುಂಪು. ಅದನ್ನ ನೋಡಿದ್ದು ವಿಜ್ಞಾನಿ ಅಲ್ಲ, ಊರವರ ಕಣ್ಣಲ್ಲಿ ಕೆಲಸಕ್ಕೆ ಬಾರದ ಮಂದಣ್ಣ. ಕರ್ವಾಲೊ ಅಂಥ ದೊಡ್ಡ ವಿಜ್ಞಾನಿ ಅವನ ಹಿಂದೆ ನಡೀತಾರೆ.

ಕೊನೆಗೆ ನಾರ್ವೆ ಕಾಡಿನ ಪ್ರಪಾತದ ಅಂಚಲ್ಲಿ ಅದು ಸಿಕ್ಕೇಬಿಡ್ತು ಅನ್ನುವಾಗ ಓತಿ ರೆಕ್ಕೆ ಬಿಚ್ಚಿ ತೇಲಿ ಹೋಗುತ್ತೆ. ಹಿಡಿಯೋಕೆ ಬಂದೋರೆಲ್ಲ ನೋಡ್ತಾ ನಿಲ್ತಾರೆ. ಈ ಸಲದ ಓದಿನಲ್ಲಿ ನಾನು ನಗ್ತಾ ಅವಳಿಗೆ ಮೆಸೇಜ್ ಮಾಡಿದೆ: "ಸಿಕ್ತು ಕಣೇ. ಬರಲ್ಲ ಅಂತ ಹೇಳಿ, ನಿಜವಾಗ್ಲೂ ಹೋಗದೇ ಇದ್ದದ್ದು ಒಂದೇ ಪಾತ್ರ. ಅದೂ ಒಂದು ಓತಿ."

ಅವಳು ನಗುವ ಎಮೋಜಿ ಹಾಕಿದಳು, ಒಂದೇ ಒಂದು.

7/7

ಇದು ಕೊನೇದು. ಫೋಟೋದಲ್ಲಿ ಪುಸ್ತಕ ಇಲ್ಲ, ಖಾಲಿ ಶೆಲ್ಫ್. ಯಾನ ಅವಳ ಹತ್ರ ಇದೆ.

ಮೂರನೇ ಪೋಸ್ಟಿನ ಡ್ರಾಫ್ಟ್ ಅವಳಿಗೆ ಕಳಿಸಿದ್ದೆ, ಉತ್ತರಾ ಬೇಡ ಅನ್ನಲ್ಲ ಅಂತ ಬರೆದಿದ್ದೀನಲ್ಲ, ಅದು. ಒಂದು ದಿನ ಬಿಟ್ಟು ವಾಯ್ಸ್ ನೋಟ್ ಬಂತು. ಹಿಂದೆ ಮನೇಲಿ ಯಾರೋ ಸೀರೆ ಲೆಕ್ಕ ಹಾಕ್ತಿದ್ದದ್ದು ಕೇಳ್ತಿತ್ತು. ಅವಳು ಮೆಲ್ಲಗೆ ಅಂದಳು: "ನೀನು ಅವಳಿಗೆ ಅನ್ಯಾಯ ಮಾಡಿದೀಯ. ಒಂದೇ ನೌಕೆಯಲ್ಲಿದ್ದು ಅವನ ಜೊತೆ ಮಾತು ಬಿಟ್ಟಳಲ್ಲ, ಅದೇನು ಮತ್ತೆ?"

ನಾಲ್ಕು ಸಲ ಕೇಳಿಸ್ಕೊಂಡೆ. ಮೂರನೇ ಪೋಸ್ಟ್ ತಿದ್ದೋಣ ಅಂದ್ಕೊಂಡು ಹಾಗೇ ಬಿಟ್ಟಿದೀನಿ. ಅವಳು ಹೇಳಿದ್ದು ಸರಿ ಇರಬಹುದು, ನಂಗಿನ್ನೂ ಪೂರ್ತಿ ಒಪ್ಪೋಕೆ ಆಗ್ತಿಲ್ಲ. ನೀವು ಓದಿದ್ರೆ ಏನನಿಸ್ತು ಅಂತ ಕಾಮೆಂಟಲ್ಲಿ ಹೇಳಿ. ಬೆಂಕಿ ಎಮೋಜಿ ಬೇಡ, ವಾಕ್ಯ ಬರೀರಿ.

ಯಾನ ಬೇಕು ಅಂತ ಕ್ಯೂನಲ್ಲಿರೋ ಮೂರು ಜನ ಸ್ವಲ್ಪ ತಡೀರಿ. ವಾಪಸ್ ಕೊಡು ಅಂತ ನಾನು ಅವಳನ್ನ ಕೇಳಿಲ್ಲ, ಕೇಳೋದೂ ಇಲ್ಲ. ಅಲ್ಲೀವರೆಗೆ ಕರ್ವಾಲೊ ಇದೆ, ಬಂದು ತಗೊಂಡು ಹೋಗಿ.

#ಯಾನ #ಯಶೋಧರಚರಿತೆ #ಕರ್ವಾಲೊ #ಜಿನನಾಥಪುರ #ಓದಿದ್ದು_ಅನಿಸಿದ್ದು