ಕಪ್ಪು ಪರದೆಗೆ ಕನ್ನಡ ಒಗ್ಗೋದಿಲ್ವಾ?

ಮೊನ್ನೆ ಊರಿಗೆ ಹೋಗಿದ್ದೆ, ಯಾದಗಿರಿ ಹತ್ತಿರದ ರಾಮಸಮುದ್ರಕ್ಕೆ. ಅಲ್ಲೊಂದು ಕಡೆ ಕರೆಂಟು ಹೋಗಿ ಬಂದಾಗಲೆಲ್ಲ ನೆಟ್ ಬಂದ್. ಪ್ರತಿ ಸಲ ಪಟ್ಟಣದಿಂದ ಒಬ್ಬರು ಬಂದು ರೂಟರಿಗೆ ಅದೇ ಕಮಾಂಡುಗಳನ್ನ ಮತ್ತೆ ಟೈಪ್ ಮಾಡಿ ಹೋಗ್ತಿದ್ರಂತೆ. ಎಲ್ಲರೂ ಬೈತಿದ್ದಿದ್ದು ಕರೆಂಟಿಗೆ!

ಸಿಸ್ಕೋ ತರಹದ ರೂಟರುಗಳಲ್ಲಿ ನಾವು ಕೊಟ್ಟ ಕಮಾಂಡು ಮೊದಲು ರ‍್ಯಾಮ್‌ನಲ್ಲಷ್ಟೇ ಇರುತ್ತೆ. ಕರೆಂಟ್ ಹೋದ್ರೆ ಅದೂ ಹೋಯ್ತು. ಉಳೀಬೇಕಂದ್ರೆ 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಅಂತ ಇನ್ನೊಂದು ಸಾಲು ಹೊಡೀಬೇಕು. ಪುಣ್ಯಾತ್ಮರು ಅದೊಂದನ್ನೇ ಬಿಟ್ಟಿದ್ರು.

ಪಕ್ಕದಲ್ಲಿದ್ದ ಕನ್ನಡ ಮೀಡಿಯಂ ಹುಡುಗನಿಗೆ ಇದನ್ನ ಹೇಳಿದೆ. "ಅಂದ್ರ ಪಾಟಿ ಮ್ಯಾಲಿಂದು ನೋಟ್‌ಬುಕ್ಕಿಗೆ ಇಳಿಸಿದಂಗ ಏನ್ರಿ ಅಣ್ಣಾ?" ಅಂದ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ನನಗ್ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

'ಇದೆಲ್ಲ ಇಂಗ್ಲಿಷ್ ಬಲ್ಲವರ ಕೆಲಸ' ಅನ್ನೋರೇ, ಕಮಾಂಡು ಇಂಗ್ಲಿಷಲ್ಲೇ ಇರಲಿ, ದಿನಾ ಬೇಕಾಗೋದು ಬೆರಳೆಣಿಕೆಯ ಪದ. ಮರೆತರೆ ಪ್ರಶ್ನೆ ಚಿಹ್ನೆ ಒತ್ತಿ, ರೂಟರೇ ಪಟ್ಟಿ ಕೊಡುತ್ತೆ. ಹುಡುಗರಿಗೆ ಬೇಕಿರೋದು ವಿವರಣೆ, ಅದನ್ನ ಕನ್ನಡದಲ್ಲಿ ಬರೆಯೋರು ಯಾರು? ನಾವು ಟೆಕ್ಕಿಗಳು ಬ್ಲಾಗ್ ತುಂಬಾ ಮಳೆ, ಹುಡುಗಿ, ಕಾಫಿ ಅಂತ ಕವನ ಸುರಿಸ್ತೀವಿ (ನಾನೂ ಸುರಿಸಿದ್ದೀನಿ, ಕ್ಷಮಿಸಿ). ಹೊಟ್ಟೆಗೆ ಅನ್ನ ಹಾಕೋ ವಿದ್ಯೆ ಬಗ್ಗೆ ಮಾತ್ರ ಒಂದಕ್ಷರ ಇಲ್ಲ.

ಇವತ್ತು ನಾನೊಂದು ಕಮಾಂಡ್ ಬರೆದೆ. ನಿಮ್ಮದು ಯಾವಾಗ?