ಕತ್ತಲೆಯ ಓಟಕ್ಕೆ ಯಾರ ಸಿದ್ಧತೆ?

ದೀರ್ಘಾವಧಿ ಕಾರು ಓಟವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಣವೂ ಬಿಡುವೂ ಉಳ್ಳವರ ಹುಚ್ಚು. ಆರು, ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆ ಒಂದೇ ಕಾರನ್ನು ಸರದಿಯಂತೆ ಓಡಿಸುವುದರಿಂದ ಜಗತ್ತಿಗೇನು ಲಾಭ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವಲ್ಲ. ಆದರೆ ಈ ಕ್ರೀಡೆ ಒಂದು ವಿಷಯವನ್ನು ನೂರು ವರ್ಷಗಳಿಂದ ಶ್ರದ್ಧೆಯಿಂದ ಅಭ್ಯಾಸ ಮಾಡಿದೆ. ಅದೆಂದರೆ ರಾತ್ರಿ. ಕತ್ತಲಲ್ಲಿ ವಾಹನ ಓಡಿಸುವುದು ಹಗಲಿನ ಚಾಲನೆಯ ಮುಂದುವರಿಕೆಯಲ್ಲ, ಅದೊಂದು ಪ್ರತ್ಯೇಕ ಕೆಲಸ, ಅದಕ್ಕೆ ಪ್ರತ್ಯೇಕ ಸಿದ್ಧತೆ ಬೇಕು ಎಂಬುದು ಅದು ಕಂಡುಕೊಂಡ ಸತ್ಯ. ಹವ್ಯಾಸಕ್ಕಾಗಿ ಓಡಿಸುವವನು ಪಾಲಿಸುವ ಈ ಶಿಸ್ತು, ಹೊಟ್ಟೆಪಾಡಿಗಾಗಿ ಓಡಿಸುವವನಿಗೆ ಏಕೆ ದಕ್ಕಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಫ್ರಾನ್ಸಿನ ಲೆ ಮಾನ್ ಪಟ್ಟಣದಲ್ಲಿ 24 ಗಂಟೆಗಳ ಓಟ ಆರಂಭವಾದದ್ದು 1923ರಲ್ಲಿ. ವೇಗವೊಂದನ್ನೇ ಅಳೆಯುವುದು ಅದರ ಉದ್ದೇಶವಾಗಿರಲಿಲ್ಲ. ಜನಸಾಮಾನ್ಯರು ಕೊಳ್ಳುವ ಕಾರು ಎಷ್ಟು ಬಾಳಿಕೆ ಬರುತ್ತದೆ, ಅದರ ದೀಪಗಳು ರಾತ್ರಿಯಿಡೀ ಉರಿಯುತ್ತವೆಯೇ ಎಂಬ ಪರೀಕ್ಷೆಯೂ ಅದರಲ್ಲಿತ್ತು. 1970ರಲ್ಲಿ ಆರಂಭವಾದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ಓಟದಲ್ಲಿ ವೃತ್ತಿನಿರತರ ಜೊತೆಗೆ ವಾರವಿಡೀ ಬೇರೆ ಕೆಲಸ ಮಾಡಿಕೊಂಡಿರುವ ಹವ್ಯಾಸಿಗಳೂ ಪಾಲ್ಗೊಳ್ಳುತ್ತಾರೆ. ಸುಮಾರು 25 ಕಿಲೋಮೀಟರಿನ ಆ ಸುತ್ತು ಕಾಡಿನ ನಡುವೆ ಹಾದುಹೋಗುತ್ತದೆ. ಅದರ ಬಹುಭಾಗದಲ್ಲಿ ಕಾರಿನ ದೀಪವನ್ನು ಬಿಟ್ಟರೆ ಬೇರೆ ಬೆಳಕಿಲ್ಲ.

ಇಂಥ ರಾತ್ರಿಗೆ ಹವ್ಯಾಸಿ ಚಾಲಕ ಹೇಗೆ ಅಣಿಯಾಗುತ್ತಾನೆ? ಮೊದಲನೆಯದು ದೀಪ. ಹೆಚ್ಚು ಪ್ರಖರವಾದ ದೀಪ ಕೂರಿಸಿದರೆ ಸಾಲದು, ಅದು ಸರಿಯಾದ ಕೋನದಲ್ಲಿ ಬೀಳಬೇಕು. ಆದ್ದರಿಂದ ಗೋಡೆಯೆದುರು ನಿಲ್ಲಿಸಿ ಅಳತೆ ಮಾಡಿ ಹೊಂದಿಸುತ್ತಾರೆ. ಮುಂಗಾಜನ್ನು ಹೊರಗಷ್ಟೇ ಅಲ್ಲ, ಒಳಗೂ ಒರೆಸುತ್ತಾರೆ, ಏಕೆಂದರೆ ಒಳಗಿನ ತೆಳುವಾದ ಜಿಡ್ಡೇ ಎದುರಿನ ಬೆಳಕನ್ನು ಚದುರಿಸಿ ಕಣ್ಣು ಕುಕ್ಕಿಸುತ್ತದೆ. ಮೀಟರುಗಳ ಬೆಳಕನ್ನು ತಗ್ಗಿಸುತ್ತಾರೆ. ಎರಡನೆಯದು ಕಣ್ಣು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆದ್ದರಿಂದ ಮುಂದಿನ ಸರದಿಯವನು ಹೊಳೆಯುವ ದೀಪಗಳ ಕೆಳಗೆ ಕುಳಿತಿರುವುದಿಲ್ಲ, ಮೊಬೈಲ್ ಪರದೆಯನ್ನು ದಿಟ್ಟಿಸುವುದಿಲ್ಲ. ಮೂರನೆಯದು ಗುರುತುಗಳು. ಹಗಲಲ್ಲಿ ತಿರುವನ್ನು ಸೂಚಿಸಿದ ಮರವಾಗಲಿ ಫಲಕವಾಗಲಿ ರಾತ್ರಿ ಕಾಣುವುದಿಲ್ಲ. ಹಾಗಾಗಿ ಕತ್ತಲಲ್ಲೂ ಕಾಣುವ ಬೇರೆ ಗುರುತುಗಳನ್ನು ಅಭ್ಯಾಸದ ಅವಧಿಯಲ್ಲೇ ಮನನ ಮಾಡಿಕೊಳ್ಳುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ರೆ. ಯಾರು ಯಾವಾಗ ಓಡಿಸಬೇಕು, ಯಾವಾಗ ಮಲಗಬೇಕು ಎಂಬ ಪಟ್ಟಿ ಓಟಕ್ಕೆ ಮುನ್ನವೇ ಸಿದ್ಧವಾಗಿರುತ್ತದೆ. ಈ ಪಟ್ಟಿಯ ಹಿಂದೆ ಇತಿಹಾಸವಿದೆ. 1952ರ ಲೆ ಮಾನ್ ಓಟದಲ್ಲಿ ಪಿಯರ್ ಲೆವೆ ಎಂಬ ಫ್ರೆಂಚ್ ಚಾಲಕ ಜೊತೆಗಾರನಿಗೆ ಚಕ್ರ ಕೊಡದೆ ಒಬ್ಬನೇ ಹಗಲಿರುಳು ಓಡಿಸಿದ. ಎಲ್ಲರಿಗಿಂತ ಮುಂದಿದ್ದವನ ಎಂಜಿನ್ ಓಟ ಮುಗಿಯಲು ಒಂದೆರಡು ಗಂಟೆಯಿರುವಾಗ ಮುರಿಯಿತು. ದಣಿವಿನಲ್ಲಿ ಗೇರ್ ತಪ್ಪಿದ್ದೇ ಕಾರಣವೆಂದು ಹಲವರು ನಂಬಿದರು. ಇಂದು ಅಲ್ಲಿ ಯಾವ ಚಾಲಕನೂ ಯಾವುದೇ 6 ಗಂಟೆಗಳ ಅವಧಿಯಲ್ಲಿ 4 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಒಟ್ಟಾರೆ 14 ಗಂಟೆ ಮೀರುವಂತಿಲ್ಲ. ವೀರಾವೇಶಕ್ಕೆ ಅಲ್ಲಿ ಅವಕಾಶವಿಲ್ಲ.

ನಮ್ಮ ದೇಶದಲ್ಲಿ ಹವ್ಯಾಸಿಗಳ ದೂರದ ಓಟ ಹೆಚ್ಚಾಗಿ ರ‍್ಯಾಲಿಯ ರೂಪದಲ್ಲಿ ಬೆಳೆದಿದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತ ಬಂದಿರುವ ಕೆ-1000 ರ‍್ಯಾಲಿ ಅದಕ್ಕೊಂದು ಉದಾಹರಣೆ. ಅಂತರರಾಷ್ಟ್ರೀಯ ರ‍್ಯಾಲಿ ನಿಯಮದಂತೆ ಪ್ರತಿ ಕಾರಿನಲ್ಲೂ ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನ ಫಲಕವಿರಬೇಕು. ಕಾರು ಹಾದಿಯಲ್ಲಿ ನಿಂತರೆ, ಹಿಂದೆ ಬರುವವರಿಗೆ ಕಾಣುವಂತೆ ಕನಿಷ್ಠ 50 ಮೀಟರ್ ಮೊದಲೇ ಅದನ್ನು ಇಡಬೇಕು. ಓಟಕ್ಕೆ ಮುನ್ನ ತಪಾಸಣಾಧಿಕಾರಿಗಳು ದೀಪ, ಬ್ರೇಕು, ಬೆಲ್ಟು ಎಲ್ಲವನ್ನೂ ನೋಡುತ್ತಾರೆ. ಇದರಲ್ಲಿ ತೇರ್ಗಡೆಯಾಗದ ವಾಹನಕ್ಕೆ ಪ್ರವೇಶವಿಲ್ಲ.

ಈಗ ಯಾವ ಕ್ಲಬ್ಬೂ ಏರ್ಪಡಿಸದ, ಯಾರೂ ಬಹುಮಾನ ಕೊಡದ ಮತ್ತೊಂದು ದೀರ್ಘಾವಧಿ ಓಟವನ್ನು ನೋಡೋಣ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆಯ ನೀರು ಮುಟ್ಟಿದಲ್ಲೆಲ್ಲ ಕಬ್ಬಿದೆ. ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಬೆಳಗಾವಿ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಐಗಳಿ, ಕೊಹಳ್ಳಿ, ತೆಲಸಂಗದ ಸುತ್ತಿನ ರಸ್ತೆಗಳಿಗೆ ನಿದ್ರೆಯಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಅದರ ಮೇಲೆ ಇಬ್ಬದಿಗೂ ಚಾಚಿಕೊಂಡ ಕಬ್ಬು. ಟ್ರ್ಯಾಕ್ಟರಿನ ಹಿಂದೀಪ ಆ ಹೊರೆಯ ಮರೆಗೆ ಹೋಗಿರುತ್ತದೆ. ಟ್ರೇಲರಿಗೆ ದೀಪವಿರುವುದು ಅಪರೂಪ, ಪ್ರತಿಫಲಕ ಪಟ್ಟಿಯಿದ್ದರೂ ಕೆಸರು ಮೆತ್ತಿರುತ್ತದೆ. ಚಾಲಕ ನಿದ್ದೆ ತೂಗದಿರಲೆಂದು ದೊಡ್ಡ ಸದ್ದಿನಲ್ಲಿ ಹಾಡು ಹಾಕಿಕೊಂಡಿರುತ್ತಾನೆ. ಹಿಂದಿನವರ ಹಾರ್ನ್ ಅವನ ಕಿವಿ ತಲುಪುವುದಿಲ್ಲ. ಟ್ರೇಲರ್ ಕೆಟ್ಟರೆ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆಯೂ ನಾಲ್ಕು ಕಲ್ಲು ಇಡುತ್ತಾರೆ. ಹೊರಟಾಗ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ತ್ರಿಕೋನ ಫಲಕದ ಜಾಗದಲ್ಲಿ ನಮ್ಮಲ್ಲಿರುವುದು ಮುಂದಿನ ಬೈಕ್ ಸವಾರನಿಗೆ ಕಾದು ಕುಳಿತ ಕಲ್ಲು.

ಈ ಓಟಕ್ಕೆ ಮತ್ತೊಂದು ಬದಿಯಿಂದ ಪ್ರವೇಶಿಸುವವರು ನಗರವಾಸಿಗಳು, ಅಂದರೆ ಈ ಪತ್ರಿಕೆಯನ್ನು ಓದುವ ನಾವು. ದೀಪಾವಳಿಗೋ ಊರ ಜಾತ್ರೆಗೋ ಬೆಂಗಳೂರಿನಿಂದ ಅಥಣಿ ಸೀಮೆಗೆ ಕಾರಿನಲ್ಲಿ ಹೊರಟರೆ ಆರುನೂರು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ 6ಕ್ಕೆ ಎದ್ದು, ಕಚೇರಿ ಮುಗಿಸಿ, ರಾತ್ರಿ 8ಕ್ಕೆ ಹೊರಟವನು 11 ಗಂಟೆಗೆ 17 ಗಂಟೆ ಎಚ್ಚರವಿದ್ದಂತಾಯಿತು. 17 ಗಂಟೆಯ ನಿದ್ದೆಗೇಡು ಮನುಷ್ಯನ ಚುರುಕನ್ನು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದಾಗ ಆಗುವಷ್ಟೇ ಕುಗ್ಗಿಸುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಹನಿ ಮದ್ಯ ಮುಟ್ಟದ ಸಭ್ಯ ಗೃಹಸ್ಥನೂ ಆ ಮಿತಿಯನ್ನು ಮೀರಿದವನಂತೆಯೇ ಚಕ್ರ ಹಿಡಿದಿರುತ್ತಾನೆ. ಅವನು ಐಗಳಿ ಕ್ರಾಸ್ ಮುಟ್ಟುವುದು ದೇಹ ಅತ್ಯಂತ ಜಡವಾಗಿರುವ ಬೆಳಗಿನ ಜಾವದಲ್ಲಿ.

ಇವರಿಬ್ಬರೂ ಸಂಧಿಸುವ ಕ್ಷಣದ ಲೆಕ್ಕ ಸರಳ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್, ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 23 ಮೀಟರ್. ಒಟ್ಟು 48. ವೇಗ 80 ಆದರೆ ಇದು 74 ಮೀಟರಾಗುತ್ತದೆ. ತಗ್ಗಿಸಿದ ದೀಪ ಸ್ಪಷ್ಟವಾಗಿ ತೋರಿಸುವುದು 40ರಿಂದ 50 ಮೀಟರನ್ನು ಮಾತ್ರ. ಅಂದರೆ 80ರಲ್ಲಿ ಹೋಗುವವನು ತನ್ನ ಬೆಳಕನ್ನೇ ಹಿಂದಿಕ್ಕಿ ಓಡುತ್ತಿದ್ದಾನೆ. ದೀಪವಿಲ್ಲದ ಟ್ರೇಲರ್ ಕಂಡಾಗ ಅವನಿಗೆ ಉಳಿದಿರುವ ದೂರ, ನಿಲ್ಲಲು ಬೇಕಾದ ದೂರಕ್ಕಿಂತ ಕಡಿಮೆ. ನನ್ನಂಥ ಅರವತ್ತು ದಾಟಿದವರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಹರೆಯದವರಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆ ವರ್ಷ ಅತಿ ಹೆಚ್ಚು ಅಪಘಾತಗಳು, ಸುಮಾರು ಐದರಲ್ಲೊಂದು, ಸಂಭವಿಸಿದ್ದು ಸಂಜೆ 6ರಿಂದ ರಾತ್ರಿ 9ರ ನಡುವೆ.

ಕಾನೂನು ಇಲ್ಲವೆಂದಲ್ಲ. ಟ್ರೇಲರೂ ಸೇರಿದಂತೆ ವಾಹನಗಳ ಹಿಂಭಾಗದಲ್ಲಿ ಎರಡು ಕೆಂಪು ಪ್ರತಿಫಲಕಗಳಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ದುಡಿಮೆಯೆಂದು 1961ರಷ್ಟು ಹಿಂದೆಯೇ ಬರೆಯಿತು. ಆದರೆ ಆ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗಾಗಿ ರಚಿತವಾದದ್ದು. ಸಾಲ ಮಾಡಿ ಒಂದು ಟ್ರ್ಯಾಕ್ಟರ್ ಕೊಂಡು, ಅಣ್ಣನೋ ತಮ್ಮನೋ ಓಡಿಸುವ ಮನೆಗೆ ಅದು ತಾಗುತ್ತಲೇ ಇರಲಿಲ್ಲ. ಆದೇಶ ಹೊರಡಿಸುವುದು ಸುಲಭ, ಕತ್ತಲಲ್ಲಿ ಹೊಲದಿಂದ ಹೊರಬೀಳುವ ಒಂದೊಂದು ಟ್ರೇಲರನ್ನು ಹಿಡಿದು ನಿಲ್ಲಿಸುವುದು ಅಸಾಧ್ಯ ಎಂಬುದು ಆಡಳಿತದಲ್ಲಿ ದುಡಿದ ಯಾರಿಗಾದರೂ ಗೊತ್ತಿರುವ ಸಂಗತಿ.

ಸಮಸ್ಯೆಯ ಬೇರು ಇರುವುದು ಚಾಲಕನ ಬೇಜವಾಬ್ದಾರಿಯಲ್ಲಲ್ಲ, ಲೆಕ್ಕಾಚಾರದಲ್ಲಿ. ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುತ್ತವೆ. ಆದ್ದರಿಂದ ರೈತನಿಗೆ ಅವಸರ. ಸಾಗಣೆದಾರನಿಗೆ ಹಣ ಬರುವುದು ಟನ್ನಿನ ಲೆಕ್ಕದಲ್ಲಿ. ಕಾರ್ಖಾನೆಯ ಯಾರ್ಡಿನಲ್ಲಿ ಸಾಲು ನಿಂತು ಕಳೆದ ಗಂಟೆಗಳಿಗೆ ಕೂಲಿಯಿಲ್ಲ. ಕಳೆದುಹೋದ ಆ ಸಮಯವನ್ನು ಅವನು ರಸ್ತೆಯಲ್ಲಿ, ನಿದ್ದೆಯಿಂದ ಕಡಿದು ತುಂಬಿಸಿಕೊಳ್ಳುತ್ತಾನೆ. ಒಬ್ಬರ ವ್ಯವಹಾರದ ವೆಚ್ಚ ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದವರ ಮೇಲೆ ಬೀಳುವುದನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಿವರಿಸಿದ್ದರು. ಇಲ್ಲಿ ಆ ಸಂಬಂಧವಿಲ್ಲದವನೆಂದರೆ ಅಥಣಿಯ ಆಸ್ಪತ್ರೆಯಿಂದ ರಾತ್ರಿ ಬೈಕಿನಲ್ಲಿ ಊರಿಗೆ ಮರಳುತ್ತಿರುವ ಮನುಷ್ಯ. ಸಕ್ಕರೆಯ ಬೆಲೆಯಲ್ಲಿ ಅವನ ಪ್ರಾಣದ ಬಾಬ್ತು ಎಲ್ಲೂ ನಮೂದಾಗುವುದಿಲ್ಲ.

ಹಾಗಾದರೆ ತಪಾಸಣೆ ಎಲ್ಲಿ ನಡೆಯಬೇಕು? ಓಟದ ಮೈದಾನಕ್ಕೆ ಒಂದೇ ಬಾಗಿಲು ಇರುವಂತೆ ಕಬ್ಬಿನ ಸಾಗಣೆಗೂ ಒಂದೇ ಬಾಗಿಲಿದೆ. ಅದು ಕಾರ್ಖಾನೆಯ ತೂಕದ ಕಾಟಾ. ಸಾವಿರ ಹೊಲಗಳಿಂದ ಬರುವ ಟ್ರೇಲರುಗಳೆಲ್ಲ ಅಲ್ಲಿ ನಿಲ್ಲಲೇಬೇಕು. ಹಂಗಾಮಿನ ಒಪ್ಪಂದಕ್ಕೆ ಸಹಿ ಹಾಕುವಾಗ ಒಮ್ಮೆ, ಆಮೇಲೆ ಪ್ರತಿ ಸಲ ಖಾಲಿ ಗಾಡಿ ಹೊರಡುವಾಗ ಹಿಂದೀಪ, ಪ್ರತಿಫಲಕ ಪಟ್ಟಿ, ಎರಡು ಟ್ರೇಲರುಗಳ ನಡುವಿನ ಕೊಂಡಿ, ಒಂದು ತ್ರಿಕೋನ ಫಲಕ, ಇಷ್ಟನ್ನು ನೋಡಲು ಎರಡು ನಿಮಿಷ ಸಾಕು. ಪಟ್ಟಿಯಿಲ್ಲದಿದ್ದರೆ ದಂಡ ಬೇಡ. ಕಾರ್ಖಾನೆಯೇ ಅಂಟಿಸಿ ಸಾಗಣೆ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಶೇ 10.25ರ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಒಂದು ಟ್ರೇಲರಿಗೆ ಬೇಕಾಗುವ ಪಟ್ಟಿಯ ಬೆಲೆ ಒಂದು ಟನ್ ಕಬ್ಬಿನ ಬೆಲೆಯನ್ನು ಮುಟ್ಟುವುದಿಲ್ಲ.

ನಿದ್ರೆಯ ಪ್ರಶ್ನೆಗೂ ಉತ್ತರ ಯಾರ್ಡಿನಲ್ಲೇ ಇದೆ. ಬಂದವರೆಲ್ಲ ಗಾಡಿಯ ಮೇಲೆ ಕುಳಿತು ಕಾಯುವ ಬದಲು, ಇಂತಿಷ್ಟು ಹೊತ್ತಿಗೆ ನಿನ್ನ ಸರದಿ ಎಂದು ಮೊಬೈಲಿಗೆ ಸಂದೇಶ ಹೋದರೆ ಆ ಗಂಟೆಗಳು ಮಲಗುವ ಗಂಟೆಗಳಾಗುತ್ತವೆ. ಒಂದು ತಗಡಿನ ಚಪ್ಪರ, ಸಾಲಾಗಿ ಮಂಚ, ಕುಡಿಯುವ ನೀರು ಇದ್ದರೆ ಸಾಕು. ಮಿತಿಮೀರಿ ಕಾಯಿಸಿದ ಸಮಯಕ್ಕೆ ಕಾರ್ಖಾನೆ ಕೂಲಿ ತೆರಬೇಕೆಂಬ ಷರತ್ತು ಒಪ್ಪಂದದಲ್ಲಿ ಸೇರಿದರೆ ಸಾಲು ತಾನಾಗಿಯೇ ಕುಗ್ಗುತ್ತದೆ.

ಕಾರ್ಖಾನೆ ಹಗಲಿರುಳು ನುರಿಸಲೇಬೇಕು, ರಾತ್ರಿ ಸಾಗಣೆ ನಿಲ್ಲಿಸಿದರೆ ರೈತನಿಗೇ ನಷ್ಟ ಎಂಬ ಆಕ್ಷೇಪ ಬರುತ್ತದೆ. ಅದು ನಿಜವೂ ಹೌದು. ಆದರೆ ಸಾಗಣೆ ನಿಲ್ಲಿಸಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಲೆ ಮಾನ್‌ನಲ್ಲೂ ಕತ್ತಲಾಯಿತೆಂದು ಓಟ ನಿಲ್ಲುವುದಿಲ್ಲ, ರಾತ್ರಿಗೆ ಬೇಕಾದ ಸಿದ್ಧತೆಯೊಂದಿಗೆ ಮುಂದುವರಿಯುತ್ತದೆ. ಶ್ರೀಮಂತರ ಆಟದ ನಿಯಮ ಬಡವರ ದುಡಿಮೆಗೆ ಹೊಂದದು ಎನ್ನುವವರು ನಮ್ಮದೇ ಸೀಮೆಯ ಎತ್ತಿನ ಗಾಡಿಯ ಶರ್ಯತ್ತನ್ನು ನೆನೆಯಬೇಕು. ಶರ್ಯತ್ತಿನ ಎತ್ತಿಗೆ ತಿಂಗಳುಗಟ್ಟಲೆ ಮೇವು, ಮಾಲೀಸು, ವಿಶ್ರಾಂತಿ ಎಲ್ಲವನ್ನೂ ಲೆಕ್ಕವಿಟ್ಟು ಕೊಡುವ ರೈತನಿಗೆ ಸಿದ್ಧತೆಯೆಂದರೇನೆಂದು ಯಾರೂ ಕಲಿಸಬೇಕಿಲ್ಲ. ಆ ಎತ್ತಿಗೆ ಸಿಗುವ ನಿದ್ರೆ ಅವನ ಮಗನಿಗೂ ಸಿಗಬೇಕು ಎಂಬುದಷ್ಟೇ ಬೇಡಿಕೆ.

ನಗರದಿಂದ ಹೊರಡುವ ನಮಗೂ ಇದರಲ್ಲಿ ಪಾಲಿದೆ. ಹೊರಡುವ ಮುನ್ನ ನಿದ್ದೆ, ಒಳಗೂ ಒರೆಸಿದ ಗಾಜು, ಸರಿಯಾಗಿ ಹೊಂದಿಸಿದ ದೀಪ, ದೀಪ ತೋರಿಸುವಷ್ಟೇ ವೇಗ, ಸಾಧ್ಯವಿದ್ದರೆ ಇನ್ನೊಬ್ಬ ಚಾಲಕ, ಇಲ್ಲವಾದರೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ತಂಗಿ ಬೆಳಗಾದ ಮೇಲೆ ಪಯಣ. ಹವ್ಯಾಸಿ ಓಟಗಾರ ಬಹುಮಾನಕ್ಕಾಗಿ ಮಾಡುವುದನ್ನು ನಾವು ಮನೆಯವರಿಗಾಗಿ ಮಾಡಬಹುದು.

ಪ್ರತಿ ಹಂಗಾಮಿಗೆ ಮುನ್ನ ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ಕಾರ್ಖಾನೆಗಳೂ ಬೆಳೆಗಾರರೂ ಸಭೆ ಸೇರುತ್ತಾರೆ. ದರ ಮತ್ತು ಬಾಕಿಯ ಮೇಲೆ ಬಿಸಿ ಚರ್ಚೆಯಾಗುತ್ತದೆ, ಆಗಲೇಬೇಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೂರು ಸಾಲು ಹೆಚ್ಚಾಗಲಿ: ಕಾಟಾದ ಬಳಿ ದೀಪ ಮತ್ತು ಪಟ್ಟಿಯ ತಪಾಸಣೆ, ಯಾರ್ಡಿನಲ್ಲಿ ಸರದಿಯ ವೇಳಾಪಟ್ಟಿ, ಚಾಲಕರಿಗೆ ಮಲಗುವ ಚಪ್ಪರ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಬಜೆಟ್ಟಿನ ಅನುದಾನವೂ ಬೇಡ. ಮೊದಲ ಟ್ರೇಲರ್ ಹೊಲದಿಂದ ಹೊರಡುವ ಮೊದಲೇ ಇದು ತೀರ್ಮಾನವಾದರೆ ಐಗಳಿಯ ರಸ್ತೆಯಲ್ಲಿ ಈ ಬಾರಿಯ ರಾತ್ರಿಗಳು ಕೊಂಚ ಕಡಿಮೆ ಕತ್ತಲಿನವಾಗಿರುತ್ತವೆ.